ಕಿಟಕಿಯಲ್ಲಿ ಫೋನು, ಜಗಲಿಯಲ್ಲಿ ನಾವು



ಈ ಸಲ ಪಾಸ್ಕ ಹಬ್ಬಕ್ಕೆ ಮೊದಲು ದೇವಾಲಯದ ಹಿಂದಿನ ಸಾಮಾನಿನ ಕೋಣೆ ಸ್ವಚ್ಛ ಮಾಡುವ ಕೆಲಸ ನಮ್ಮ ಪಾಲಿಗೆ ಬಂತು. ಕೆಟ್ಟ ಮೈಕು, ಕಿವಿ ಮುರಿದ ಗೋದಲಿಯ ಕುರಿಗಳು, ಹಳೆಯ ನಕ್ಷತ್ರದ ಬಿದಿರು ಕಡ್ಡಿಗಳು, ಇವುಗಳ ನಡುವೆ ಒಂದು ಬಿಸ್ಕತ್ತಿನ ಡಬ್ಬಿ. ಅದರೊಳಗೆ ಅಂಗೈಯಗಲದ ಒಂದು ನೀಲಿ ಯಂತ್ರ. ಬಳಸಿ ಬಳಸಿ ಬಣ್ಣ ಅಲ್ಲಲ್ಲಿ ಎದ್ದುಹೋಗಿದೆ. ಬರೆಯುವ ಕಡ್ಡಿ ಮಾತ್ರ ಇನ್ನೂ ತನ್ನ ಗೂಡಿನಲ್ಲೇ ಇದೆ. ಹತ್ತನೆಯ ತರಗತಿಯ ಹುಡುಗನೊಬ್ಬ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಹಳೇ ಫೋನ್ ಏನ್ರಿ ಇದು? ಸಿಮ್ ಎಲ್ಲಿ ಹಾಕೋದು?” ಎಂದ. ಇದು ಫೋನ್ ಅಲ್ಲ, ಇದಕ್ಕೆ ಸಿಮ್ ಇಲ್ಲ, ಆದರೆ ಇದರಿಂದ ನಾವು ಮೆಸೇಜು ಕಳಿಸುತ್ತಿದ್ದೆವು ಎಂದೆವು. ಅವನು ನಮ್ಮ ಮುಖ ನೋಡಿದ ರೀತಿ ನೋಡಿದರೆ ನಂಬಿದಂತೆ ಕಾಣಲಿಲ್ಲ.

ಅವನಿಗೆ ಆ ದಿನ ಪೊರಕೆ ಹಿಡಿದುಕೊಂಡೇ ಅರ್ಧಂಬರ್ಧ ಉತ್ತರ ಕೊಟ್ಟೆವು. ಪೂರ್ತಿ ಉತ್ತರ ಇಲ್ಲಿ ಬರೆಯುತ್ತಿದ್ದೇವೆ. ಅದನ್ನು ಬರೆಯಬೇಕಾದರೆ ಅಜ್ಜಿಯ ವಿಷಯವನ್ನೂ ಬರೆಯಬೇಕು. ಅಜ್ಜಿ ಕಳೆದ ಆಗಮನ ಕಾಲದಲ್ಲಿ ದೇವರ ಪಾದ ಸೇರಿದರು, ಆದ್ದರಿಂದ ಈಗ ಬರೆಯಬಹುದು ಅನ್ನಿಸಿದೆ.

ಅದು 2009. ನಾವು ಮೂವರು ಬೆಳಗಾವಿಯಲ್ಲಿ ಬಿ.ಎಸ್ಸಿ. ಮೊದಲ ವರ್ಷಕ್ಕೆ ಸೇರಿದ್ದೆವು. ಚಂದಗಡ ತಾಲ್ಲೂಕು ಸರಕಾರಿ ಕಾಗದದಲ್ಲಿ ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆ. ಆದರೆ ಕಾಲೇಜು, ಆಸ್ಪತ್ರೆ, ಮದುವೆಯ ಬಟ್ಟೆ ಎಲ್ಲಕ್ಕೂ ನಮಗೆ ಬೆಳಗಾವಿಯೇ ಹತ್ತಿರ. ಶಿನೋಳಿ ದಾಟಿದರೆ ಕರ್ನಾಟಕ. ಬೆಳಿಗ್ಗೆ ಮರಾಠಿಯಲ್ಲಿ ಟಿಕೆಟ್ ತೆಗೆಸಿ, ಮಧ್ಯಾಹ್ನ ಕನ್ನಡದಲ್ಲಿ ಚಹಾ ಕುಡಿದು, ರಾತ್ರಿ ಮನೆಯಲ್ಲಿ ಕೊಂಕಣಿಯಲ್ಲಿ ಬೈಸಿಕೊಳ್ಳುವವರು ನಾವು. ಮುಂಬಯಿಯಲ್ಲಿದ್ದ ಚಿಕ್ಕಪ್ಪನೊಬ್ಬರು ಹೊಸ ಫೋನು ಕೊಂಡು, ತಮ್ಮ ಹಳೆಯ ಕೈಗಂಪ್ಯೂಟರನ್ನು ನಮಗೆ ಕೊಟ್ಟರು. ಪಾಮ್ ಕಂಪನಿಯ ಝೈರ್ 72. 2004ರಲ್ಲಿ ಮಾರುಕಟ್ಟೆಗೆ ಬಂದದ್ದು. 32 ಎಂಬಿ ನೆನಪು, 320ಕ್ಕೆ 320 ಚುಕ್ಕಿಗಳ ಬಣ್ಣದ ಪರದೆ, ಒಳಗೇ ಬ್ಲೂಟೂತ್. ಕೀಲಿಮಣೆ ಇಲ್ಲ. ಪರದೆಯ ಕೆಳಭಾಗದಲ್ಲಿ ಕಡ್ಡಿಯಿಂದ ಒಂದೊಂದೇ ಇಂಗ್ಲಿಷ್ ಅಕ್ಷರ ಬರೆಯಬೇಕು. ಮೊದಲ ವಾರ ನಾವು ಬರೆದದ್ದೆಲ್ಲ ಅದು ಬೇರೆಯದೇ ಓದಿಕೊಂಡಿತು. ಎರಡನೆಯ ವಾರದಿಂದ ನಮ್ಮ ಕೈ ಅದಕ್ಕೆ ಬಗ್ಗಿತು.

ಈಗ ಹುಡುಗನ ಪ್ರಶ್ನೆ. ಸಿಮ್ ಇಲ್ಲದ ಯಂತ್ರದಿಂದ ಮೆಸೇಜು ಹೇಗೆ ಹೋಗುತ್ತದೆ?

ಉತ್ತರ: ಪಕ್ಕದ ಫೋನಿಗೆ ಕೆಲಸ ಹೇಳಿ. ಮೊದಲು ಎರಡಕ್ಕೂ ಪರಿಚಯ ಮಾಡಿಸಬೇಕು. ಫೋನಿನಲ್ಲಿ ಒಂದು ಗುಟ್ಟಿನ ಸಂಖ್ಯೆ, ಪಾಮ್‌ನಲ್ಲಿ ಅದೇ ಸಂಖ್ಯೆ. ಒಮ್ಮೆ ಜೋಡಿಯಾದರೆ ಮತ್ತೆ ಕೇಳುವುದಿಲ್ಲ. ಆಮೇಲೆ ಪಾಮ್ ಗಾಳಿಯಲ್ಲೇ ಫೋನಿಗೆ ಒಂದು ತಂತಿ ಎಳೆದ ಹಾಗೆ ಮಾಡಿಕೊಂಡು, ಹಳೆಯ ಮೋಡೆಮ್‌ಗಳ ಭಾಷೆಯಲ್ಲಿ ಮಾತಾಡುತ್ತದೆ. ‘ಎಟಿ’ ಎಂದರೆ ಅಟೆನ್ಶನ್, ‘ಏ ಇಲ್ಲಿ ಕೇಳು’ ಎಂದು. ಫೋನು ‘ಓಕೆ’ ಅನ್ನುತ್ತದೆ. ‘ಎಟಿ+ಸಿಎಂಜಿಎಸ್’ ಎಂದರೆ ‘ಒಂದು ಸಂದೇಶ ಕಳಿಸುವುದಿದೆ’. ಫೋನು ಒಂದು ಬಾಣದ ಗುರುತು ತೋರಿಸಿ ಕಾಯುತ್ತದೆ, ಪಾಮ್ ಸಂದೇಶ ಸುರಿಯುತ್ತದೆ. ಫೋನು ಅದನ್ನು ಟವರಿಗೆ, ಟವರು ಕಂಪನಿಯ ಸಂದೇಶ ಕೇಂದ್ರಕ್ಕೆ ದಾಟಿಸುತ್ತದೆ. ಅಲ್ಲಿ ಅದು ಅಂಚೆಕಚೇರಿಯ ಕಾಗದದಂತೆ ಇದ್ದು, ಆ ಕಡೆಯವನ ಫೋನು ಸಿಕ್ಕಾಗ ತಲುಪುತ್ತದೆ.

ಇಲ್ಲಿ ಎರಡು ಮಾತು ನೆನಪಿಡಿ, ಮುಂದೆ ಬೇಕಾಗುತ್ತವೆ. ಒಂದು, ಪಾಮ್‌ನ ಪರದೆಯ ಮೇಲೆ ‘ಸೆಂಟ್’ ಎಂದು ಬಂದರೆ ಫೋನಿನ ಕಡೆಯಿಂದ ಹೋಯಿತು ಎಂದಷ್ಟೇ ಅರ್ಥ. ಆ ಮನುಷ್ಯನಿಗೆ ಸಿಕ್ಕಿತು ಎಂದಲ್ಲ. ಎರಡು, ಬಂದ ಮೆಸೇಜನ್ನು ಫೋನು ತಾನಾಗಿ ತಂದು ಕೊಡುತ್ತಿರಲಿಲ್ಲ. ನಾವೇ ಪಾಮ್ ತೆರೆದು, ಏನಾದರೂ ಬಂದಿದೆಯೇ ಎಂದು ಕೇಳಬೇಕಿತ್ತು.

ಭೌತಶಾಸ್ತ್ರದ ಮೇಷ್ಟ್ರೊಬ್ಬರು ಆಗ ಹೇಳಿದ ಮಾತು ನಮಗೆ ಬಹಳ ಹಿಡಿಸಿತ್ತು. 1992ರ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ ನೀಲ್ ಪ್ಯಾಪ್‌ವರ್ತ್ ಎಂಬ ಎಂಜಿನಿಯರು ಜಗತ್ತಿನ ಮೊದಲ ಎಸ್ಸೆಮ್ಮೆಸ್ ಕಳಿಸಿದ್ದು ಫೋನಿನಿಂದ ಅಲ್ಲ, ಕಂಪ್ಯೂಟರಿನಿಂದ! ಆಗಿನ ಫೋನುಗಳಲ್ಲಿ ಅಕ್ಷರ ಬರೆಯುವ ಸೌಕರ್ಯವೇ ಇರಲಿಲ್ಲವಂತೆ. ಬರೆದದ್ದು ಎರಡೇ ಪದ, ‘ಮೆರಿ ಕ್ರಿಸ್ಮಸ್’. ಆಗಮನ ಕಾಲ ಶುರುವಾಗಿ ಇನ್ನೂ ಒಂದು ವಾರವೂ ಆಗಿರಲಿಲ್ಲ, ಆದರೂ ಮನ್ನಿಸೋಣ. ಇನ್ನು ಬ್ಲೂಟೂತ್ ಎಂಬ ಹೆಸರು ಹತ್ತನೆಯ ಶತಮಾನದ ಡೆನ್ಮಾರ್ಕಿನ ದೊರೆ ಹರಾಲ್ಡ್‌ನ ಅಡ್ಡಹೆಸರು, ‘ನೀಲಿಹಲ್ಲ’. ಡೇನರನ್ನು ಕ್ರೈಸ್ತರನ್ನಾಗಿ ಮಾಡಿದವನು ತಾನೆಂದು ಯೆಲ್ಲಿಂಗ್ ಎಂಬ ಊರಿನ ಕಲ್ಲಿನ ಮೇಲೆ ಅವನೇ ಬರೆಸಿದ್ದಾನೆ. ಬೇರೆ ಬೇರೆ ಸೀಮೆಗಳನ್ನು ಒಂದುಗೂಡಿಸಿದ ದೊರೆ, ಆದ್ದರಿಂದ ಬೇರೆ ಬೇರೆ ಯಂತ್ರಗಳನ್ನು ಒಂದುಗೂಡಿಸುವ ತಂತ್ರಕ್ಕೆ ಅವನ ಹೆಸರು. ಆ ನೀಲಿ ಗುರುತು ಇದೆಯಲ್ಲ, ಅದು ಅವನ ಹೆಸರಿನ ಎರಡು ಹಳೆಯ ರೂನ್ ಅಕ್ಷರಗಳ ಜೋಡಣೆ. ಧರ್ಮೋಪದೇಶದ ತರಗತಿಯಲ್ಲಿ ಇದನ್ನು ಹೇಳಿದಾಗ ಮಕ್ಕಳು ನಮ್ಮನ್ನು ಮೊದಲ ಬಾರಿಗೆ ಕಿವಿಗೊಟ್ಟು ಕೇಳಿದರು.

ಆದರೆ ಫೋನೇ ಕೈಯಲ್ಲಿದ್ದರೆ ಪಾಮ್ ಯಾಕೆ ಬೇಕು? ಹುಡುಗನ ಎರಡನೆಯ ಪ್ರಶ್ನೆ ಇದು, ಸರಿಯಾದ ಪ್ರಶ್ನೆ. ಉತ್ತರ ನಮ್ಮ ಊರಿನ ಗುಡ್ಡಗಳಲ್ಲಿದೆ.

ಫೋನು ನಮ್ಮದಲ್ಲ, ಅಜ್ಜಿಯದು. ಅಜ್ಜಿ ನಮ್ಮ ಯಾರ ಸ್ವಂತ ಅಜ್ಜಿಯೂ ಅಲ್ಲ. ತವರು ಹುಕ್ಕೇರಿ ಕಡೆ, ಮದುವೆಯಾಗಿ ಇಲ್ಲಿಗೆ ಬಂದವರು, ಮನೆಮಾತು ಕನ್ನಡ. ಗಂಡ ತೀರಿಹೋಗಿ ಬಹಳ ವರ್ಷ. ಒಬ್ಬನೇ ಮಗ ಮಸ್ಕತ್ತಿನಲ್ಲಿ ಕೆಲಸಕ್ಕಿದ್ದ. ಹಿಂದಿನ ರಜೆಯಲ್ಲಿ ಬಂದಾಗ ತನ್ನ ಸೋನಿ ಎರಿಕ್ಸನ್ ಟಿ610 ಫೋನನ್ನು ತಾಯಿಗೆ ಬಿಟ್ಟುಹೋಗಿದ್ದ. ಆದರೆ ಕೆಂಪು ಜಂಬಿಟ್ಟಿಗೆಯ ದಪ್ಪ ಗೋಡೆ, ಮೂರು ಕಡೆ ಗುಡ್ಡ. ಇಡೀ ಮನೆಯಲ್ಲಿ ನೆಟ್‌ವರ್ಕ್ ಸಿಗುತ್ತಿದ್ದದ್ದು ಒಂದೇ ಜಾಗದಲ್ಲಿ, ಅಟ್ಟದ ಮೂಡಣ ಕಿಟಕಿಯ ಮೊಳೆಯಲ್ಲಿ. ಫೋನನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಆ ಮೊಳೆಗೆ ತೂಗುಹಾಕಿದರೆ ಒಂದು ಗೀಟು, ಮಳೆ ನಿಂತ ಸಂಜೆ ಎರಡು ಗೀಟು. ಕೆಳಗಿಳಿಸಿದರೆ ಸೊನ್ನೆ. ಮಾತಾಡಲು ಹೋದರೆ ದನಿ ತುಂಡುತುಂಡು. ಅದೂ ಅಲ್ಲದೆ ಎಪ್ಪತ್ತು ದಾಟಿದ ಅಜ್ಜಿ ಆ ಏಣಿ ಹತ್ತುವುದು ಹೇಗೆ? ಮೆಸೇಜು ಹಾಗಲ್ಲ. ಮಾತಿಗೆ ಬೇಕಾದಷ್ಟು ದಾರಿ ಅದಕ್ಕೆ ಬೇಡ. ಫೋನು ಮತ್ತು ಟವರು ‘ಇದ್ದೀಯಾ, ಇದ್ದೇನೆ’ ಎಂದು ಮಾತಾಡಿಕೊಳ್ಳುವ ಕಿರುದಾರಿಯಲ್ಲೇ ಅದು ನುಸುಳಿ ಬರುತ್ತದೆ. ಈಗ ಬರದಿದ್ದರೆ ಸಂದೇಶ ಕೇಂದ್ರದಲ್ಲಿ ಕಾದಿದ್ದು ಆಮೇಲೆ ಬರುತ್ತದೆ.

ಬ್ಲೂಟೂತಿನ ಕೈ ಸುಮಾರು 10 ಮೀಟರು ಚಾಚುತ್ತದೆ. ಅಟ್ಟದ ಕಿಟಕಿಯಿಂದ ಜಗಲಿಗೆ ಅಷ್ಟೂ ದೂರ ಇರಲಿಲ್ಲ, ನಡುವೆ ಹಲಗೆ ಮಾತ್ರ. ಫೋನು ಮೇಲೆ ತನ್ನ ಮೊಳೆಯಲ್ಲಿ, ನಾವು ಕೆಳಗೆ ಜಗಲಿಯಲ್ಲಿ ಅಜ್ಜಿಯ ಪಕ್ಕ. ಚುಚ್ಚಿ ಕೇಳಿದರೆ ಮಸ್ಕತ್ತಿನ ಮಾತು ಕೈಗಿಳಿಯುತ್ತಿತ್ತು. ಪಾಮ್‌ನ ಪರದೆಯಲ್ಲಿ ಆ ಫೋನಿನ ಐದು ಪಟ್ಟು ಚುಕ್ಕಿಗಳಿದ್ದವು. ಅಕ್ಷರ ದೊಡ್ಡದಾಗಿ ಕಾಣುತ್ತಿತ್ತು. ಅಜ್ಜಿಗೆ ಓದು ಬರುತ್ತಿರಲಿಲ್ಲ, ಆದರೂ ನೋಡುವುದಕ್ಕೆ ಬೇಕು. “ಎಷ್ಟ ಸಾಲ ಬರದಾನ?” ಎಂದು ಬೆರಳಿಟ್ಟು ಎಣಿಸುತ್ತಿದ್ದರು.

ಒಂದು ತಮಾಷೆ. ಆ ಕಿಟಕಿ ಮೂಡಣಕ್ಕೆ ಇದ್ದದ್ದರಿಂದ ಫೋನು ಒಮ್ಮೊಮ್ಮೆ ಮಹಾರಾಷ್ಟ್ರದ ಟವರು ಬಿಟ್ಟು ಕರ್ನಾಟಕದ ಟವರು ಹಿಡಿಯುತ್ತಿತ್ತು. ಮನೆಯೊಳಗೇ ಇದ್ದು ರೋಮಿಂಗ್! ಹೊರಗೆ ಹೋಗುವ ಮೆಸೇಜಿಗೆ ದರ ಹೆಚ್ಚು. ನಾವು ತಲೆ ಕೆಡಿಸಿಕೊಂಡು ಅಜ್ಜಿಗೆ ವಿವರಿಸಿದರೆ ಅವರು ಬಾಯಿಗೆ ಸೆರಗಿಟ್ಟು ನಕ್ಕು, “ನನ್ನಂಗ ಅದಕ್ಕೂ ತವರ ಕಡೆ ಸೆಳತ ಬಿಡ್ರಿ” ಎಂದರು.

ಭಾನುವಾರ ಪೂಜೆ ಮುಗಿಸಿ, ಗಾಯನದ ಅಭ್ಯಾಸ ಮುಗಿಸಿ, ನಾವು ಮೂವರು ಅಜ್ಜಿಯ ಮನೆಗೆ ಹೋಗುವುದು ರೂಢಿಯಾಯಿತು. ಬಂದದ್ದನ್ನು ಓದುವುದು, ಹಿಂದಿನವನ್ನು ಮತ್ತೆ ಓದುವುದು, ಉತ್ತರ ಬರೆಯುವುದು. ವಿದೇಶಕ್ಕೆ ಒಂದು ಮೆಸೇಜಿಗೆ ಆಗ 5 ರೂಪಾಯಿ. ಒಂದು ಮೆಸೇಜು ಎಂದರೆ 140 ಬೈಟು. ಇಂಗ್ಲಿಷ್ ಅಕ್ಷರವಾದರೆ 160 ಹಿಡಿಯುತ್ತದೆ, ಕನ್ನಡ ಲಿಪಿಯಾದರೆ ಬರೀ 70. ಕನ್ನಡದಲ್ಲಿ ‘ಕ್ರಿಸ್ತ’ ಎಂದು ಬರೆದರೆ ನಮ್ಮ ಕಣ್ಣಿಗೆ ಎರಡಕ್ಷರ, ಯಂತ್ರದ ಲೆಕ್ಕದಲ್ಲಿ ಏಳು. ಹೇಗೂ ಪಾಮ್‌ಗೆ ಕನ್ನಡ ಲಿಪಿ ಬರುತ್ತಿರಲಿಲ್ಲ. ಮಗನೂ ನಾವೂ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯುತ್ತಿದ್ದೆವು. ಅಜ್ಜಿ ಹೇಳುವುದು ಒಂದು ಪುಟದಷ್ಟು. ಎಮ್ಮೆ, ಗೇರುಬೀಜದ ರೇಟು, ಪಕ್ಕದ ಮನೆಯವರ ಜಗಳ, ಮಂಡಿನೋವು. ಅದನ್ನು 160ಕ್ಕೆ ಇಳಿಸುವುದು ನಮ್ಮ ಕೆಲಸ. ಪಕ್ಕದ ಮನೆಯ ಜಗಳವೇ ಪ್ರತಿ ಸಲ ಬಲಿಯಾಗುತ್ತಿತ್ತು.

ಈ ಎಣಿಕೆಯಲ್ಲಿ ನಾವೇ ಒಮ್ಮೆ ಮಣ್ಣು ಮುಕ್ಕಿದ್ದೂ ಇದೆ. 2010ರ ಕ್ರಿಸ್ಮಸ್ ಮುನ್ನಾದಿನ ನಮ್ಮ ಬಳಗದ 58 ಮಂದಿಗೆ ನಮ್ಮಲ್ಲೊಬ್ಬರ ಫೋನಿನಿಂದ ಪಾಮ್ ಮೂಲಕ ಶುಭಾಶಯ ಕಳಿಸಿದೆವು. ತಿಂಗಳ ಮೆಸೇಜು ಪ್ಯಾಕು ಹಾಕಿಸಿದ್ದೇವೆ, ಚಿಂತೆ ಇಲ್ಲ ಎಂಬ ಧೈರ್ಯ. ಹಬ್ಬದ ದಿನಗಳು ‘ಬ್ಲ್ಯಾಕೌಟ್ ಡೇ’, ಅಂದು ಪ್ಯಾಕು ನಡೆಯುವುದಿಲ್ಲ, ಒಂದೊಂದಕ್ಕೂ ಒಂದು ರೂಪಾಯಿ ಎಂಬುದು ನಮಗೆ ಗೊತ್ತಿರಲಿಲ್ಲ. ನಮ್ಮ ಶುಭಾಶಯ 171 ಅಕ್ಷರ ಇತ್ತು. 11 ಅಕ್ಷರ ಹೆಚ್ಚಾದ್ದಕ್ಕೆ ಒಬ್ಬೊಬ್ಬರಿಗೆ ಎರಡೆರಡು ಮೆಸೇಜು. ನೂರು ರೂಪಾಯಿ ಐವತ್ತನೆಯವರಿಗೆ ಮುಗಿಯಿತು. ಉಳಿದ ಎಂಟು ಜನರಲ್ಲಿ ನಮ್ಮ ಗಾಯನದ ಮುಖ್ಯಸ್ಥರೂ ಇದ್ದರು. ಮಧ್ಯರಾತ್ರಿಯ ಪೂಜೆಯಲ್ಲಿ ಅವರು ನಮ್ಮ ಕಡೆ ತಿರುಗಿ ನೋಡಲೇ ಇಲ್ಲ.

ಈಗ ನಮ್ಮ ತಪ್ಪಿನ ವಿಷಯ.

ಮಗ ಒಳ್ಳೆಯವನು, ಆದರೆ ಮಾತು ಕಡಿಮೆ. ಬಿಸಿಲಿನಲ್ಲಿ ದುಡಿದು ಬಂದು, ಕೋಣೆಯಲ್ಲಿ ಕೂತು, ಚಿಕ್ಕ ಗುಂಡಿಗಳನ್ನು ಒತ್ತಿ ಅವನು ಬರೆಯುತ್ತಿದ್ದದ್ದು ಇಷ್ಟು: ‘ಅವ್ವಾ ಆರಾಮ? ನಾ ಆರಾಮ. ರೊಕ್ಕ ಕಳಿಸೀನಿ. ಮಳಿ ಹ್ಯಾಂಗೈತಿ?’ ನಾವು ಓದುತ್ತಿದ್ದೆವು. ಅಜ್ಜಿ ಸ್ವಲ್ಪ ಹೊತ್ತು ಕಾಯುತ್ತಿದ್ದರು. “ಮುಂದ?” ಎನ್ನುತ್ತಿದ್ದರು. ಮುಂದೆ ಏನೂ ಇಲ್ಲ. “ಅಷ್ಟ ಏನು?” ಎಂದು ಸುಮ್ಮನಾಗಿ ಅಂಗಳದ ಕಡೆ ನೋಡುತ್ತಿದ್ದರು. ಆ ಸುಮ್ಮನಿರುವಿಕೆಯನ್ನು ಸಹಿಸುವುದು ನಮಗೆ ಕಷ್ಟವಾಯಿತು. ಒಂದು ಭಾನುವಾರ, ಯಾರು ಎಂದು ಇಲ್ಲಿ ಬೇಡ, ನಾವು ಓದುತ್ತ ಓದುತ್ತ ಒಂದು ಸಾಲು ಸೇರಿಸಿದೆವು: ‘ರಾತ್ರಿ ಊಟಕ್ಕ ಕುಂತಾಗ ನಿನ್ನ ಕೈ ರೊಟ್ಟಿ ನೆನಪಾಗತೈತಿ ಅವ್ವಾ.’

ಅಜ್ಜಿಯ ಮುಖ ಆಗ ಹೇಗಾಯಿತು ಎಂದು ಬರೆಯಲು ನಮಗೆ ಬರುವುದಿಲ್ಲ. “ಇನ್ನೊಮ್ಮೆ ಓದ್ರಿ” ಎಂದರು. ಇನ್ನೊಮ್ಮೆ ಓದಿದೆವು. ಪರದೆಯ ಮೇಲೆ ಇಲ್ಲದ ಸಾಲನ್ನು ಪರದೆ ನೋಡಿಕೊಂಡೇ ಓದಿದೆವು. ಆಮೇಲೆ ಪ್ರತಿ ವಾರ ಹಳೆಯ ಮೆಸೇಜು ಓದಿಸುವಾಗ “ಆ ರೊಟ್ಟೀದು ಓದ್ರಿ” ಎಂದು ಕೇಳುವರು. ಸುಳ್ಳು ಒಂದು ಸಲ ಹೇಳಿದರೆ ಮುಗಿಯುವುದಿಲ್ಲ. ಅದನ್ನು ನೆನಪಿಟ್ಟುಕೊಂಡು ಅದೇ ಮಾತಿನಲ್ಲಿ ಮತ್ತೆ ಮತ್ತೆ ಹೇಳಬೇಕಾಗುತ್ತದೆ.

ಆ ಕಾಲಕ್ಕೆ ನಮಗೆ ಸಿಂಪ್ಯೂಟರಿನ ಹುಚ್ಚು ಹಿಡಿದಿತ್ತು. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಎಂಬ ಪ್ರಾಧ್ಯಾಪಕರು ಎನ್‌ಕೋರ್ ಎಂಬ ಕಂಪನಿಯವರ ಜೊತೆ ಸೇರಿ ಮಾಡಿದ ಕೈಗಂಪ್ಯೂಟರು ಅದು. ಒಂದು ಯಂತ್ರವನ್ನು ಇಡೀ ಹಳ್ಳಿ ಹಂಚಿಕೊಳ್ಳಲಿ, ಒಬ್ಬೊಬ್ಬರಿಗೂ ಒಂದು ಸ್ಮಾರ್ಟ್ ಕಾರ್ಡು ಇರಲಿ ಎಂಬ ಆಲೋಚನೆ. ಓದು ಬಾರದವರಿಗಾಗಿ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ‘ಧ್ವನಿ’ ಎಂಬ ತಂತ್ರಾಂಶವನ್ನೂ ಅದಕ್ಕಾಗಿ ಶುರುಮಾಡಿದರು, ಕನ್ನಡದಲ್ಲೂ. 2004ರಲ್ಲಿ ಬಿ.ಇ.ಎಲ್. ಕಾರ್ಖಾನೆಯಿಂದ ‘ಅಮಿಡಾ’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂತು, ಬೆಲೆ 9,950 ರೂಪಾಯಿಯಿಂದ ಶುರು. ಕೆಲವೇ ಸಾವಿರ ಮಾರಿದವು, ಆಮೇಲೆ ಅಗ್ಗದ ಫೋನುಗಳ ಮಳೆಯಲ್ಲಿ ಕೊಚ್ಚಿಹೋಯಿತು. ನಮ್ಮ ಪಾಮ್‌ಗೆ ಬಾರದ ಕನ್ನಡ ನಮ್ಮವರೇ ಮಾಡಿದ ಯಂತ್ರಕ್ಕೆ ಬರುತ್ತಿತ್ತಲ್ಲ ಎಂದು ನಮಗೆ ಬಹಳ ಹೊಟ್ಟೆಯುರಿ. ಅಜ್ಜಿಯ ಕೈಯಲ್ಲಿ ಅಂಥದ್ದೊಂದು ಇದ್ದಿದ್ದರೆ ನಮ್ಮ ಕಾಯುವ ಕೆಲಸವೇ ಇರುತ್ತಿರಲಿಲ್ಲ. ಆದರೆ ಆ ಯಂತ್ರ ಇದ್ದದ್ದನ್ನು ಇದ್ದ ಹಾಗೆ ಓದಿ, ‘ಮಳಿ ಹ್ಯಾಂಗೈತಿ’ ಎಂಬಲ್ಲಿಗೆ ನಿಲ್ಲುತ್ತಿತ್ತು. ಅದು ಒಳ್ಳೆಯದಾಗುತ್ತಿತ್ತೋ ಏನೋ, ಆಗಲೂ ಈಗಲೂ ನಮ್ಮ ಮೂವರಲ್ಲಿ ಒಮ್ಮತವಿಲ್ಲ.

2011ರ ಮಳೆಗಾಲ. ಪರೀಕ್ಷೆಗೆಂದು ನಾವು ಮೂವರೂ ಬೆಳಗಾವಿಯಲ್ಲಿ ಕೋಣೆ ಮಾಡಿಕೊಂಡಿದ್ದೆವು. ಪಾಮ್ ಊರಿನಲ್ಲಿ ಪೆಟ್ಟಿಗೆಯಲ್ಲೇ ಉಳಿಯಿತು. ನಮ್ಮ ಕಡೆಯ ಮಳೆ ನೋಡಿದವರಿಗೆ ಗೊತ್ತು. ಮರ ಬಿದ್ದು ತಂತಿ ಹರಿದರೆ ದಿನಗಟ್ಟಲೆ ಕತ್ತಲೆ, ಅದರ ಮೇಲೆ ಲೋಡ್ ಶೆಡ್ಡಿಂಗು, ಮರಾಠಿಯಲ್ಲಿ ‘ಭಾರನಿಯಮನ’ ಎಂದು ಗಂಭೀರ ಹೆಸರು. ಪರೀಕ್ಷೆ ಮುಗಿಸಿ ಬಂದು ಪಾಮ್ ತೆಗೆದರೆ ಪರದೆ ಕಪ್ಪು. ಕರೆಂಟು ಬಂದ ಮೇಲೆ ಚಾರ್ಜಿಗೆ ಹಾಕಿದೆವು. ಬೆಳಕು ಬಂತು, ಅಂಗಡಿಯಿಂದ ಆಗ ತಾನೇ ತಂದಂತೆ ಸ್ವಾಗತ ಹೇಳಿತು, ಪರದೆಯ ಮೂಲೆಗಳನ್ನು ಮುಟ್ಟಿ ತೋರಿಸಿ ಎಂದಿತು.

ಆ ತರದ ಯಂತ್ರಗಳ ಗುಣವೇ ಅದು. ನೆನಪೆಲ್ಲ ಬ್ಯಾಟರಿಯ ಉಸಿರಿನ ಮೇಲೆ ನಿಂತಿರುತ್ತದೆ. ಉಸಿರು ಪೂರ್ತಿ ನಿಂತರೆ ಎಲ್ಲ ಅಳಿಸಿಹೋಗುತ್ತದೆ. ನಮಗೆ ಗೊತ್ತಿತ್ತು. ಮೆಮೊರಿ ಕಾರ್ಡಿಗೆ ಒಂದು ನಕಲು ತೆಗೆದಿಡಬಹುದಿತ್ತು, ಕಾರ್ಡು ಅದರ ತಲೆಯಲ್ಲೇ ಸಿಕ್ಕಿಸಿತ್ತು. ಅದರ ತುಂಬ ನಾವು ಹಾಡು ತುಂಬಿದ್ದೆವು. ಫೋನಿನಲ್ಲಿ ಜಾಗ ಕಡಿಮೆ ಎಂದು ಅಜ್ಜಿಯ ಮೆಸೇಜುಗಳನ್ನು ಪಾಮ್‌ಗೆ ಇಳಿಸಿಕೊಂಡು ಫೋನಿನಿಂದ ಅಳಿಸುತ್ತಿದ್ದವರೂ ನಾವೇ. ಎರಡು ವರ್ಷದ ಮಾತು, ಮೊಮ್ಮಗಳು ಹುಟ್ಟಿದ ಸುದ್ದಿ, ಅವಳ ತೂಕ, ದೀಕ್ಷಾಸ್ನಾನದ ದಿನ, ಎಲ್ಲ ಹೋಯಿತು.

ಎರಡು ಭಾನುವಾರ ಅಜ್ಜಿಯ ಮನೆ ಕಡೆ ಹೋಗಲಿಲ್ಲ. ಮಳೆಯ ನೆಪ ಹೇಳಿದೆವು. ಮೂರನೆಯ ಭಾನುವಾರ ಅಜ್ಜಿಯೇ ಕೊಡೆ ಹಿಡಿದು ದೇವಾಲಯದ ಬಾಗಿಲಲ್ಲಿ ನಿಂತಿದ್ದರು. ಹೇಳಿದೆವು. ಅಜ್ಜಿ ಬೈಯಲಿಲ್ಲ. “ಎಲ್ಲಾ ಹೋದ್ವು ಏನು?” ಎಂದು ಒಮ್ಮೆ ಕೇಳಿದರು. ಸ್ವಲ್ಪ ತಡೆದು, “ಹೋದ್ರ ಹೋಗ್ಲಿ. ಒಂದು ನೋಟಬುಕ್ಕ ತರ್ರಿ, ನಾ ಹೇಳತೀನಿ, ಬರಕೋರಿ” ಎಂದರು.

ನಾವು ಇನ್ನೂರು ಪುಟದ ನೋಟ್‌ಬುಕ್ ತಂದೆವು. ಜಗಲಿಯಲ್ಲಿ ಕೂತೆವು. ಅಜ್ಜಿ ಕಂಬಕ್ಕೆ ಒರಗಿ, ಕಣ್ಣು ಮುಚ್ಚಿ, ಜಪಸರ ಹೇಳುವ ಹಾಗೆ ಒಂದಾದ ಮೇಲೊಂದು ಹೇಳತೊಡಗಿದರು. ಯಾವ ಮೆಸೇಜು ಯಾವ ಹಬ್ಬದ ಹಿಂದೆ ಮುಂದೆ ಬಂತು, ಯಾವುದರಲ್ಲಿ ‘ಆರಾಮ’ ಎರಡು ಸಲ ಇತ್ತು, ಎಲ್ಲ. ಮಗು ಮೂರು ಕಿಲೋ ನೂರು ಗ್ರಾಂ. ನಾವು ಓದಿ ಓದಿ ಅವರ ಎದೆಯಲ್ಲಿ ಇಳಿದಿತ್ತು. 32 ಎಂಬಿಗೆ ಕರೆಂಟು ಬೇಕಿತ್ತು, ಇಲ್ಲಿ ಬೇಕಿರಲಿಲ್ಲ. ನಾವು ಈ ಬಾರಿ ಕನ್ನಡ ಲಿಪಿಯಲ್ಲಿ ಬರೆದುಕೊಂಡೆವು. ಕಾಗದಕ್ಕೆ 70ರ ಲೆಕ್ಕವಿಲ್ಲ.

ಮೂವತ್ತರ ಹತ್ತಿರ ಬಂದಾಗ ಅಜ್ಜಿ ಹೇಳಿದರು, “ರಾತ್ರಿ ಊಟಕ್ಕ ಕುಂತಾಗ ನಿನ್ನ ಕೈ ರೊಟ್ಟಿ ನೆನಪಾಗತೈತಿ ಅವ್ವಾ.”

ಪೆನ್ನು ನಿಂತಿತು. ಅಜ್ಜಿ ಕಣ್ಣು ತೆರೆದು, “ಬರದ್ರ್ಯಾ?” ಎಂದರು. ಬರೆದೆವು.

ದಾರಿಯಲ್ಲಿ ಜಗಳ. ಅಳಿಸಬೇಕು ಎಂದು ಒಬ್ಬರು. ಅಜ್ಜಿಯ ನೋಟ್‌ಬುಕ್ ಅಜ್ಜಿ ಹೇಳಿದ್ದು, ಅಳಿಸಲು ನಾವು ಯಾರು ಎಂದು ಇನ್ನೊಬ್ಬರು. ಮೂರನೆಯವರು ಮಾತೇ ಆಡಲಿಲ್ಲ. ಕೊನೆಗೆ ನಮ್ಮ ಗುರುಗಳ ಬಳಿ ಹೋದೆವು. ಪಾಪನಿವೇದನೆಗೆ ಅಲ್ಲ, ಸುಮ್ಮನೆ ಅವರ ವರಾಂಡದಲ್ಲಿ ಕೂತು ಹೇಳಿದೆವು. ಅವರು ಬೋಧನೆ ಮಾಡಲಿಲ್ಲ, ನಗಲೂ ಇಲ್ಲ. “ಮಗನಿಗೆ ಗೊತ್ತೇ?” ಎಂದು ಕೇಳಿದರು. ಇಲ್ಲ ಎಂದೆವು. “ಅವನ ಹೆಸರಿನಲ್ಲಿ ಬರೆದಿದ್ದೀರಿ. ಮೊದಲು ಅವನಿಗೆ ಹೇಳಿ” ಎಂದರು.

ಪಾಮ್ ಮತ್ತು ಫೋನಿಗೆ ಮತ್ತೆ ಮೊದಲಿನಿಂದ ಪರಿಚಯ ಮಾಡಿಸಿದೆವು. ಜೋಡಿಯ ನೆನಪೂ ಅಳಿಸಿತ್ತಲ್ಲ. ಆ ಸಂಜೆ ಜಗಲಿಯಲ್ಲಿ ಕೂತು ನಾವು ಬರೆದ ಮೆಸೇಜಿನಷ್ಟು ಕಷ್ಟದ ಬರವಣಿಗೆ ಬಿ.ಎಸ್ಸಿ.ಯ ಯಾವ ಪರೀಕ್ಷೆಯಲ್ಲೂ ಬರೆದಿಲ್ಲ. 160 ಅಕ್ಷರದಲ್ಲಿ ಒಬ್ಬ ಮಗನಿಗೆ, ‘ನಿಮ್ಮ ತಾಯಿಗೆ ನೀವು ಹೇಳದ ಮಾತನ್ನು ನಿಮ್ಮ ಹೆಸರಿನಲ್ಲಿ ನಾವು ಹೇಳಿದ್ದೇವೆ’ ಎನ್ನಬೇಕು. ಅದು ಅವನಿಗೆ ಚುಚ್ಚಿದ ಹಾಗೂ ಆಗಬಾರದು. ಮೂರು ಸಲ ಬರೆದು ಅಳಿಸಿದೆವು. ನಾಲ್ಕನೆಯದು 158. ಅಜ್ಜಿ ಪಕ್ಕದಲ್ಲೇ ಕೂತು, “ಏನ್ ಅಷ್ಟೊತ್ತು?” ಎಂದರು. “ನಿಮ್ಮ ಮಂಡಿನೋವಿನ ವಿಷಯ” ಎಂದೆವು. ಇನ್ನೊಂದು ಸುಳ್ಳು! ಕಡ್ಡಿ ಒತ್ತಿದೆವು. ‘ಸೆಂಟ್’ ಎಂದು ಬಂತು.

ಉತ್ತರ ಬರಲಿಲ್ಲ. ಆ ವಾರ ಇಲ್ಲ, ಮುಂದಿನ ವಾರವೂ ಇಲ್ಲ. ಆಮೇಲೆ ಬಂದದ್ದು ಎಂದಿನಂತೆ, ‘ಅವ್ವಾ ಆರಾಮ? ರೊಕ್ಕ ಕಳಿಸೀನಿ. ಡಿಸೆಂಬರ್ ಬರತೀನಿ.’ ನಾವು ಇದ್ದಷ್ಟನ್ನೇ ಓದಿದೆವು. ಅಜ್ಜಿ “ಮುಂದ?” ಎನ್ನಲಿಲ್ಲ, ಡಿಸೆಂಬರ್ ಎಂದದ್ದೇ ಸಾಕಾಗಿತ್ತು. ಆದರೆ ನಮಗೆ ಬೇರೆ ಚಿಂತೆ. ನಮ್ಮ ಮೆಸೇಜು ಅವನಿಗೆ ಸಿಕ್ಕಿ ಸಿಟ್ಟಾಗಿದ್ದಾನೋ, ಸಿಕ್ಕೇ ಇಲ್ಲವೋ? ತವರಿನ ಟವರು ಹಿಡಿದ ಫೋನು ಅದನ್ನು ಎಲ್ಲಿಗೆ ಒಯ್ದಿತೋ?

ಅವನು ಬಂದದ್ದು ಕ್ರಿಸ್ಮಸ್‌ಗೆ ನಾಲ್ಕು ದಿನ ಮೊದಲು, ಹೆಂಡತಿ ಮತ್ತು ಮಗುವಿನ ಜೊತೆ. ನಾವು ನಕ್ಷತ್ರ ಕಟ್ಟಲು ಬಿದಿರು ಕೇಳುವ ನೆಪದಲ್ಲಿ ಹೋದೆವು. ಜಗಲಿ ತುಂಬ ಜನ. ಮೂರು ಕಿಲೋ ನೂರು ಗ್ರಾಂ ಈಗ ಓಡಾಡುತ್ತಿತ್ತು. ಅಜ್ಜಿ ಒಳಗಿನಿಂದ ನೋಟ್‌ಬುಕ್ ತಂದು ಮಗನ ಕೈಗಿಟ್ಟು, “ಇಷ್ಟ ದಿನ ಇವ್ರು ಓದ್ಯಾರ, ಈಗ ನೀನ ಓದು, ನಿನ್ನ ದನ್ಯಾಗ ಕೇಳತೀನಿ” ಎಂದರು. ನಾವು ಎದ್ದುಹೋಗಬೇಕೆಂದರೆ ಮಗು ನಮ್ಮ ಚಪ್ಪಲಿ ಹಿಡಿದು ಕೂತಿತ್ತು.

ಅವನು ಓದತೊಡಗಿದ. ತನ್ನದೇ ಮಾತುಗಳನ್ನು ಬೇರೆಯವರ ಕೈಬರಹದಲ್ಲಿ, ಮೊದಲ ಬಾರಿಗೆ ಕನ್ನಡ ಲಿಪಿಯಲ್ಲಿ ನೋಡಿ ಅವನಿಗೆ ನಗು ಬಂತು. ಆರಾಮ, ಆರಾಮ, ರೊಕ್ಕ, ಮಳೆ. ಪುಟ ತಿರುಗಿಸಿದ. ನಮಗೆ ಗೊತ್ತಿತ್ತು, ಆ ಪುಟದ ಕೆಳಗೆ ಅದು ಇದೆ. ಅವನು ಅಲ್ಲಿಗೆ ಬಂದ. ನಿಂತ. ನಮ್ಮ ಕಡೆ ನೋಡಲಿಲ್ಲ. ಗಂಟಲು ಸರಿಮಾಡಿಕೊಂಡು, “ರಾತ್ರಿ ಊಟಕ್ಕ ಕುಂತಾಗ ನಿನ್ನ ಕೈ ರೊಟ್ಟಿ ನೆನಪಾಗತೈತಿ ಅವ್ವಾ” ಎಂದು ಓದಿದ. ಉಳಿದವನ್ನು ಓದಿದ ದನಿಯಲ್ಲಿ ಅಲ್ಲ, ನಿಧಾನವಾಗಿ.

ಅಜ್ಜಿ ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ರೊಟ್ಟಿ ಬಡಿಯುವ ಸದ್ದು ಕೇಳಿತು. ನಾವು ಬಿದಿರು ತೆಗೆದುಕೊಂಡು ಹೊರಟೆವು. ಗೇಟಿನ ತನಕ ಅವನೇ ಬಂದು ಬಿಟ್ಟ. ನಮ್ಮ ಮೆಸೇಜು ಸಿಕ್ಕಿತ್ತೇ ಎಂದು ನಾವು ಕೇಳಲಿಲ್ಲ, ಅವನೂ ಹೇಳಲಿಲ್ಲ. “ಊಟಕ್ಕ ಬರ್ರಿ ಸಂಜೀಕ” ಎಂದಷ್ಟೇ ಅಂದ.